ಮೂರು ವಾರದ ಯುದ್ಧಕ್ಕೆ ಒಂದು ಮಧ್ಯಾಹ್ನದ ತೀರ್ಪು

ಚೆಸ್ ಲೋಕದ ಅತಿ ದೊಡ್ಡ ರ‍್ಯಾಪಿಡ್ ಹಣಾಹಣಿಗೆ ಯಾರೂ ಪ್ರಚಾರ ಮಾಡುವುದಿಲ್ಲ. ಅದು ನಡೆಯುತ್ತದೆಯೋ ಇಲ್ಲವೋ ಎಂಬುದು ಹಿಂದಿನ ಸಂಜೆಯವರೆಗೆ ಆಡುವವರಿಗೂ ಗೊತ್ತಿರುವುದಿಲ್ಲ. ಆದರೂ ವಿಶ್ವ ಚಾಂಪಿಯನ್‌ಷಿಪ್ಪಿನ ವೇಳಾಪಟ್ಟಿಯ ತುದಿಯಲ್ಲಿ ಅದಕ್ಕೊಂದು ದಿನ ಮೀಸಲಾಗಿರುತ್ತದೆ. ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳು ಮೂರು ವಾರ, ಹದಿನಾಲ್ಕು ಆಟ, ದಿನಕ್ಕೆ ನಾಲ್ಕೈದು ಗಂಟೆ ಕೂತು ಮಿದುಳು ಸವೆಸಿ ಅಂಕದಲ್ಲಿ ಸಮನಾದರೆ, ಅದಷ್ಟನ್ನೂ ಬದಿಗೆ ಸರಿಸಿ, ಮರುದಿನ ಹದಿನೈದು ನಿಮಿಷದ ಗಡಿಯಾರ ಇಟ್ಟು, ಸಂಜೆಯ ಊಟಕ್ಕೆ ಮೊದಲು ಜಗತ್ತಿನ ಚಾಂಪಿಯನ್ ಯಾರೆಂದು ಹೇಳಿ ಕಳಿಸುತ್ತಾರೆ. ಇದು ನ್ಯಾಯ, ಇದು ರೋಚಕ, ಇದಕ್ಕಿಂತ ಬೇರೆ ದಾರಿಯೇ ಇಲ್ಲ ಎಂದು ಆಡುವವರು, ಆಡಿಸುವವರು, ನೋಡುವವರು ಎಲ್ಲರೂ ತಲೆದೂಗಿ ಕೂತಿದ್ದಾರೆ. ಇದು ನ್ಯಾಯವಲ್ಲ. ರೋಚಕವೂ ಅಲ್ಲ. ಬೇರೆ ದಾರಿ ಇಲ್ಲವೆಂಬುದಂತೂ ಶುದ್ಧ ಸುಳ್ಳು.

2024ರ ಡಿಸೆಂಬರ್ 12ನ್ನೇ ನೋಡಿ. ಸಿಂಗಪುರದಲ್ಲಿ ಕೊನೆಯ ಆಟ, ಅಂಕ ಆರೂವರೆ–ಆರೂವರೆ. ಹಾಲಿ ಚಾಂಪಿಯನ್ ಡಿಂಗ್ ಲಿರೆನ್ ಕೈಯಲ್ಲಿ ಬಿಳಿ ಕಾಯಿ, ಎದುರಿಗೆ ಹದಿನೆಂಟರ ಗುಕೇಶ್. ಜೀವಮಾನದ ಆಟದಲ್ಲಿ ಬಿಳಿ ಕಾಯಿ ಹಿಡಿದ ಚಾಂಪಿಯನ್ ಏನು ಮಾಡಬೇಕು? ಗೆಲ್ಲಲು ನೋಡಬೇಕು. ಡಿಂಗ್ ಮಾಡಿದ್ದು ಬೇರೆ. ಒಂದು ಕಾಲಾಳು ಹೋದರೆ ಹೋಗಲಿ ಎಂದು ಕಾಯಿಗಳನ್ನು ಒಂದೊಂದಾಗಿ ಕಡಿಸಿಕೊಳ್ಳುತ್ತ ಡ್ರಾದ ದಡ ಸೇರಲು ಹೊರಟರು. ನೋಡುತ್ತಿದ್ದ ಗ್ರ್ಯಾಂಡ್‌ಮಾಸ್ಟರುಗಳು ಹೇಳಿದ್ದೂ ಅದನ್ನೇ: ಡಿಂಗ್ ಕಣ್ಣು ನಾಳೆಯ ರ‍್ಯಾಪಿಡ್ ಮೇಲಿದೆ. ರ‍್ಯಾಪಿಡ್ ರೇಟಿಂಗಿನಲ್ಲಿ ಅವರು ಗುಕೇಶ್‌ಗಿಂತ ಬಹಳ ಮುಂದಿದ್ದರು. 55ನೇ ನಡೆಯಲ್ಲಿ ಆನೆಯನ್ನು ಎಫ್2 ಮನೆಗೆ ತಂದರು. ಆನೆಗೆ ಆನೆ ಹೋಯಿತು, ಒಂಟೆಗೆ ಒಂಟೆ ಹೋಗುವುದು ಖಾತ್ರಿಯಾಯಿತು, ಮುಂದೆ ಕಾಣುತ್ತಿದ್ದುದು ರಾಜ ಮತ್ತು ಕಾಲಾಳುಗಳ ಸೋತ ಅಂತ್ಯ. ಮೂರು ನಡೆಗಳಲ್ಲಿ ಆಟ ಮುಗಿಯಿತು, ನಮ್ಮ ಹುಡುಗ ಅಳುತ್ತ ಚಾಂಪಿಯನ್ ಆದ, ನಾವು ಕುಣಿದೆವು. ಕುಣಿಯಬೇಕಾದ್ದೇ. ಆದರೆ ಕುಣಿತ ಮುಗಿದ ಮೇಲಾದರೂ ಯಾರಾದರೂ ಕೇಳಬೇಕಿತ್ತಲ್ಲ: ಪಟ್ಟದ ನಿರ್ಣಾಯಕ ಆಟವನ್ನು ಅರ್ಧ ಮನಸ್ಸಿನಲ್ಲಿ ಆಡುವ ಆಸೆಯನ್ನು ಒಬ್ಬ ವಿಶ್ವ ಚಾಂಪಿಯನ್ನನ ತಲೆಗೆ ಹಾಕಿದ್ದು ಯಾವ ನಿಯಮ?

ಸಮನಾದರೆ ಮರುದಿನ ರ‍್ಯಾಪಿಡ್ ಟೈಬ್ರೇಕ್ ಎಂಬ ಅದೇ ನಿಯಮ. ಟೈಬ್ರೇಕ್ ನಡೆದರೆ ಮಾತ್ರ ತೊಂದರೆ, ನಡೆಯದಿದ್ದರೆ ಇಲ್ಲ ಎಂದುಕೊಳ್ಳುವವರಿಗೆ ಈ ರೋಗದ ಲಕ್ಷಣವೇ ಗೊತ್ತಿಲ್ಲ. ಕಾದು ಕೂತಿರುವ ಆ ಒಂದು ಮಧ್ಯಾಹ್ನ ಹಿಂದಿನ ಮೂರು ವಾರಗಳ ಮೇಲೆ ನೆರಳು ಚೆಲ್ಲುತ್ತದೆ. ರ‍್ಯಾಪಿಡ್‌ನಲ್ಲಿ ಗಟ್ಟಿಗನಾದವನು ದೀರ್ಘ ಗಡಿಯಾರದ ಕ್ಲಾಸಿಕಲ್‌ನಲ್ಲಿ ಡ್ರಾ ಮಾಡಿಕೊಳ್ಳುತ್ತ ಹೋದರೆ ಸಾಕು. ದುರ್ಬಲ ಹತಾಶೆಯಿಂದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. 2010ರಲ್ಲಿ ಸೋಫಿಯಾದಲ್ಲಿ ಆದದ್ದು ಇದು. ಪಟ್ಟಕ್ಕೆ ಎದುರಾದ ಟೊಪಲೊವ್ ಮತ್ತು ಆನಂದ್ ಹನ್ನೊಂದು ಆಟ ಮುಗಿಸಿ ಸಮ. ರ‍್ಯಾಪಿಡ್ ಎಂದರೆ ಆನಂದ್‌ಗೆ ಮನೆಯ ಅಂಗಳ. ಅಲ್ಲಿಗೆ ಹೋಗಲು ಮನಸ್ಸಿಲ್ಲದ ಟೊಪಲೊವ್ ಹನ್ನೆರಡನೇ ಆಟವನ್ನು ಮಿತಿಮೀರಿ ಎಳೆದರು, ತಮ್ಮ ರಾಜನನ್ನೇ ಬಯಲಿಗೆ ಬಿಟ್ಟುಕೊಂಡರು, ಕಪ್ಪು ಕಾಯಿಯ ಆನಂದ್ ಗೆದ್ದರು. ದಾಖಲೆಯಲ್ಲಿ ಆ ವರ್ಷ ಟೈಬ್ರೇಕ್ ನಡೆದಿಲ್ಲ. ಹಣಾಹಣಿಯನ್ನು ಮುಗಿಸಿದ್ದು ಮಾತ್ರ ಅದೇ.

ಇನ್ನು ನಿಜವಾಗಿ ನಡೆದವುಗಳ ಲೆಕ್ಕ. ಎರಡಾಗಿ ಒಡೆದಿದ್ದ ವಿಶ್ವ ಪಟ್ಟ ಮತ್ತೆ ಒಂದಾದದ್ದು 2006ರಲ್ಲಿ. ಅಲ್ಲಿಂದ 2024ರವರೆಗೆ ಪಟ್ಟಕ್ಕಾಗಿ ಇಬ್ಬರು ಎದುರಾದ ಹಣಾಹಣಿಗಳು ಹನ್ನೊಂದು. ಅದರಲ್ಲಿ ಐದು ರ‍್ಯಾಪಿಡ್‌ನಲ್ಲಿ ತೀರ್ಮಾನವಾದವು: 2006ರ ಎಲಿಸ್ತಾ, 2012ರ ಮಾಸ್ಕೋ, 2016ರ ನ್ಯೂಯಾರ್ಕ್, 2018ರ ಲಂಡನ್, 2023ರ ಅಸ್ತಾನಾ. ಹೆಚ್ಚು ಕಡಿಮೆ ಅರ್ಧ. ಅಪರೂಪಕ್ಕೆ ಬಳಸುವ ಆಪತ್ಕಾಲದ ಬಾಗಿಲು ಎಂದು ಇಟ್ಟದ್ದು ಈಗ ಮನೆಯ ಮುಂಬಾಗಿಲೇ ಆಗಿದೆ. ಹಾಗಿದ್ದೂ ಗೆದ್ದವರನ್ನು ಕ್ಲಾಸಿಕಲ್ ಚೆಸ್‌ನ ವಿಶ್ವ ಚಾಂಪಿಯನ್ ಎಂದೇ ಕರೆಯುತ್ತೇವೆ, ನಗದೆ.

ಈ ಐದರಲ್ಲಿ 2018ರದ್ದು ನನ್ನನ್ನು ಹೆಚ್ಚು ಕೆರಳಿಸುತ್ತದೆ. ಮ್ಯಾಗ್ನಸ್ ಕಾರ್ಲ್‌ಸನ್ ರೇಟಿಂಗ್ 2835, ಫ್ಯಾಬಿಯಾನೊ ಕರುವಾನಾ ರೇಟಿಂಗ್ 2832. ಜಗತ್ತಿನ ಒಂದನೆಯವ ಮತ್ತು ಎರಡನೆಯವ, ನಡುವೆ ಮೂರೇ ಅಂಕ. ಇಂಥ ಜೋಡಿ ಪಟ್ಟಕ್ಕೆ ಎದುರಾಗುವುದು ದಿನಬೆಳಗಾದರೆ ಆಗುವ ಸಂಗತಿಯಲ್ಲ. ಹನ್ನೆರಡು ಆಟ ಆಡಿದರು, ಹನ್ನೆರಡೂ ಡ್ರಾ. ಹನ್ನೆರಡನೆಯದರಲ್ಲಿ ಕಪ್ಪು ಕಾಯಿಯ ಕಾರ್ಲ್‌ಸನ್ ಕೈ ಮೇಲಾಗಿತ್ತು, ಗಡಿಯಾರವೂ ಅವರ ಕಡೆಗಿತ್ತು. 31ನೇ ನಡೆಗೆ ಡ್ರಾ ಕೊಡಲು ಕೈ ಚಾಚಿದರು. ಕ್ಯಾಸ್ಪರೊವ್ ಅಂಥವರೇ ದಂಗಾದರು. ಹೇಡಿತನ ಎಂದು ಬೈದವರಿದ್ದಾರೆ, ನಾನು ಬೈಯುವುದಿಲ್ಲ. ಕಾರ್ಲ್‌ಸನ್ ಲೆಕ್ಕ ಹಾಕಿದರು, ಲೆಕ್ಕ ಸರಿಯಾಗಿತ್ತು. ರ‍್ಯಾಪಿಡ್‌ನಲ್ಲಿ ಇಬ್ಬರ ನಡುವಿನ ಅಂತರ ಮೂರು ಅಂಕದ್ದಾಗಿರಲಿಲ್ಲ, ಬಹಳ ದೊಡ್ಡದಿತ್ತು. ಗೆಲ್ಲುವ ಅವಕಾಶಕ್ಕಾಗಿ ಸೋಲುವ ಅಪಾಯವನ್ನು ಮೈಮೇಲೆ ಹಾಕಿಕೊಳ್ಳುವುದು ಯಾಕೆ, ನಾಳೆ ಹೇಗೂ ಹಬ್ಬದೂಟ ಇದೆಯಲ್ಲ? ಟೈಬ್ರೇಕ್‌ನಲ್ಲಿ ಮೂರಕ್ಕೆ ಮೂರು ಗೆದ್ದರು. ಒಂದೂ ಕ್ಲಾಸಿಕಲ್ ಆಟ ಸೋಲದ ಕರುವಾನಾ ಕ್ಲಾಸಿಕಲ್ ಪಟ್ಟಕ್ಕೆ ಸೋತವರಾಗಿ ಮನೆಗೆ ಹೋದರು.

ಇಲ್ಲಿ ಒಬ್ಬ ಜಾಣ ಎದ್ದು ನಿಂತು ಹೇಳುತ್ತಾನೆ: ಹಿಂದಿನ ಕಾಲದ ನಿಯಮ ಇದ್ದಿದ್ದರೂ ಅಂಕ ಸಮನಾದರೆ ಚಾಂಪಿಯನ್ನೇ ಉಳಿಯುತ್ತಿದ್ದ, ಆಗಲೂ ಕಾರ್ಲ್‌ಸನ್ನೇ ತಾನೆ? ಹೌದಪ್ಪ, ಅಂಕ ಸಮನಾದರೆ. ಆದರೆ ಸಮನಾದರೆ ಸೋತಂತೆ ಎಂದು ಮೊದಲ ದಿನವೇ ಗೊತ್ತಿದ್ದ ಕರುವಾನಾ ಆ ಹನ್ನೆರಡು ಆಟಗಳನ್ನು ಹಾಗೆ ಆಡುತ್ತಿದ್ದರೇ? ಒಂದಲ್ಲ ಒಂದು ದಿನ ಅವರು ಹಗ್ಗ ಕಡಿಯಲೇಬೇಕಿತ್ತು. ಕಡಿದು ಗೆಲ್ಲುತ್ತಿದ್ದರೋ ಬೀಳುತ್ತಿದ್ದರೋ, ಆ ಆಟಗಳು ಇಂದಿಗೂ ನಮ್ಮ ಹತ್ತಿರ ಇರುತ್ತಿದ್ದವು. ಟೈಬ್ರೇಕ್ ನಮ್ಮಿಂದ ಕಸಿದುಕೊಂಡದ್ದು ಆ ಆಟಗಳನ್ನು.

ಅದಕ್ಕೂ ಎರಡು ವರ್ಷ ಹಿಂದಿನ ನ್ಯೂಯಾರ್ಕ್ ಇನ್ನೂ ಲಜ್ಜೆಗೆಟ್ಟದ್ದು. ಸೆರ್ಗಿ ಕರ್ಯಾಕಿನ್ ವಿರುದ್ಧದ ಕೊನೆಯ ಆಟ, ಕಾರ್ಲ್‌ಸನ್‌ಗೆ ಬಿಳಿ ಕಾಯಿ. ಮೂವತ್ತು ನಡೆ, ಸುಮಾರು ಅರ್ಧ ಗಂಟೆ, ಕಾಯಿಗಳೆಲ್ಲ ಬಟಾಬಯಲು, ಡ್ರಾ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಆಟ ನೋಡಲು ಬಂದವರು ಕುರ್ಚಿ ಬೆಚ್ಚಗಾಗುವ ಮೊದಲೇ ಎದ್ದು ಹೋಗಬೇಕಾಯಿತು. ಪ್ರೇಕ್ಷಕರ ಹೆಸರು ಹೇಳಿಕೊಂಡು ವೇಗದ ಜಪ ಮಾಡುವವರು ಈ ಅರ್ಧ ಗಂಟೆಯ ಬಗ್ಗೆ ಯಾಕೆ ತುಟಿ ಬಿಚ್ಚುವುದಿಲ್ಲ? ಎರಡು ದಿನ ಬಿಟ್ಟು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದಂದು, ಕಾರ್ಲ್‌ಸನ್ ರಾಣಿಯನ್ನು ಎಚ್6 ಮನೆಯಲ್ಲಿ ಬಲಿ ಕೊಟ್ಟು ಪಟ್ಟ ಉಳಿಸಿಕೊಂಡರು. ಅದ್ಭುತವಾದ ನಡೆ, ಒಪ್ಪಿದೆ. ಆ ಒಂದು ನಡೆಯ ಚಿತ್ರವನ್ನು ಮುಂದೆ ಹಿಡಿದುಕೊಂಡೇ ಇವತ್ತಿಗೂ ಟೈಬ್ರೇಕ್ ವ್ಯಾಪಾರ ನಡೆಯುತ್ತಿದೆ. ಅದಕ್ಕಾಗಿ ಹಾಳುಗೆಡವಿದ ಕೊನೆಯ ಕ್ಲಾಸಿಕಲ್ ಆಟವನ್ನು ಯಾರೂ ಫ್ರೇಮು ಹಾಕಿಸಿ ತೂಗುಹಾಕಿಲ್ಲ.

2006ರ ಎಲಿಸ್ತಾದ ಕ್ರಾಮ್ನಿಕ್–ಟೊಪಲೊವ್ ಹಣಾಹಣಿಯ ಕತೆ ಬೇರೆಯದೇ ಬಗೆಯ ವಿಡಂಬನೆ. ಕ್ರಾಮ್ನಿಕ್ ಪದೇಪದೇ ಶೌಚಾಲಯಕ್ಕೆ ಹೋಗುತ್ತಾರೆಂದು ಟೊಪಲೊವ್ ಕಡೆಯವರು ದೂರಿದರು, ಕ್ರಾಮ್ನಿಕ್‌ರ ಖಾಸಗಿ ಶೌಚಾಲಯಕ್ಕೆ ಬೀಗ ಬಿತ್ತು, ಪ್ರತಿಭಟಿಸಿ ಅವರು ಐದನೇ ಆಟಕ್ಕೆ ಕೂರಲಿಲ್ಲ, ಅದನ್ನು ಟೊಪಲೊವ್ ಖಾತೆಗೆ ಬರೆದುಕೊಟ್ಟರು. ಹಲಗೆಯ ಮೇಲೆ ನಿಜವಾಗಿ ಆಡಿದ ಹನ್ನೊಂದು ಆಟಗಳಲ್ಲಿ ಕ್ರಾಮ್ನಿಕ್ ಮುಂದಿದ್ದರು. ಕಾಗದದ ಮೇಲೆ 6–6. ಹದಿಮೂರು ವರ್ಷದಿಂದ ಒಡೆದು ಎರಡಾಗಿದ್ದ ಪಟ್ಟವನ್ನು ಒಂದು ಮಾಡುವ ಐತಿಹಾಸಿಕ ಹಣಾಹಣಿ ಹೀಗೆ ಬೀಗದ ಕೈಯಿಂದ ಹೊರಟು ನಾಲ್ಕು ರ‍್ಯಾಪಿಡ್ ಆಟಗಳಲ್ಲಿ ಕೊನೆಗೊಂಡಿತು. ಕ್ರಾಮ್ನಿಕ್ ಗೆದ್ದರು, ಹಾಗಾಗಿ ಎಲ್ಲರೂ ನಿಟ್ಟುಸಿರು ಬಿಟ್ಟು ಮರೆತರು. ಸೋತಿದ್ದರೆ?

ಕ್ಲಾಸಿಕಲ್ ಆಟಕ್ಕೂ ರ‍್ಯಾಪಿಡ್‌ಗೂ ಇರುವುದು ಬರೀ ಗಡಿಯಾರದ ವ್ಯತ್ಯಾಸ, ಹಲಗೆ ಅದೇ, ಕಾಯಿ ಅದೇ, ನಿಯಮ ಅದೇ ಎನ್ನುವ ವಾದ ಒಂದಿದೆ. ಸಿಂಗಪುರದಲ್ಲಿ ಮೊದಲ ನಲವತ್ತು ನಡೆಗೆ ಒಬ್ಬೊಬ್ಬರಿಗೆ ಎರಡೆರಡು ಗಂಟೆ ಇತ್ತು, ಆಮೇಲೆ ಇನ್ನರ್ಧ ಗಂಟೆ. ಟೈಬ್ರೇಕ್‌ಗೆ ಇಟ್ಟದ್ದು ಹದಿನೈದು ನಿಮಿಷ, ನಡೆಗೆ ಹತ್ತು ಸೆಕೆಂಡ್ ಸೇರ್ಪಡೆ. ಎರಡು ಗಂಟೆ ಇದ್ದವನು ಒಂದು ಸ್ಥಿತಿಯ ಮುಂದೆ ನಲವತ್ತು ನಿಮಿಷ ಕೂರಬಲ್ಲ; ತನಗೆ ತಾನೇ ಎದುರಾಳಿಯಾಗಿ, ಮೊದಲು ಹೊಳೆದ ಸುಂದರ ನಡೆಯನ್ನು ಅನುಮಾನಿಸಿ, ಹತ್ತು ನಡೆ ಆಳಕ್ಕೆ ಇಳಿದು, ಅಲ್ಲಿ ಬಂಡೆ ತಗುಲಿದರೆ ಮೇಲೆ ಬಂದು ಇನ್ನೊಂದು ಕಡೆ ಅಗೆಯಬಲ್ಲ. ಹದಿನೈದು ನಿಮಿಷದವನಿಗೆ ಮೊದಲು ಹೊಳೆದದ್ದೇ ಗತಿ. ನೆನಪು, ಅಭ್ಯಾಸ, ಕೈಚಳಕ, ನರಗಳ ಬಿಗಿ, ಎದುರಾಳಿಯನ್ನು ಗಲಿಬಿಲಿಗೊಳಿಸುವ ಯುಕ್ತಿ ಎಲ್ಲವೂ ದೊಡ್ಡ ವಿದ್ಯೆಗಳೇ. ನಾನು ರ‍್ಯಾಪಿಡ್ ದ್ವೇಷಿಯಲ್ಲ. ಆನಂದ್ 2017ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದದ್ದು, ಕೊನೇರು ಹಂಪಿ 2019 ಮತ್ತು 2024ರಲ್ಲಿ ಎರಡು ಸಲ ಮಹಿಳಾ ಪಟ್ಟ ಗೆದ್ದದ್ದು ಯಾವ ಸಾಧನೆಗೂ ಕಡಿಮೆಯದಲ್ಲ. ಆದರೆ ಆ ವಿದ್ಯೆಗೆ ಅದರದೇ ವಿಶ್ವ ಚಾಂಪಿಯನ್‌ಷಿಪ್ ಇದೆ, ವರ್ಷವರ್ಷ ನಡೆಯುತ್ತದೆ. ಅದರ ತೀರ್ಪನ್ನು ತಂದು ಇದರ ಕುತ್ತಿಗೆಗೆ ಕಟ್ಟುವುದು ಯಾಕೆ? ಮಹಾಕಾವ್ಯ ಬರೆದ ಇಬ್ಬರಲ್ಲಿ ದೊಡ್ಡವರಾರೆಂದು ತೀರ್ಮಾನವಾಗದಿದ್ದರೆ ಇಬ್ಬರನ್ನೂ ವೇದಿಕೆಗೆ ಹತ್ತಿಸಿ ಆಶುಕವಿತೆ ಹೇಳಿಸಿ ಜ್ಞಾನಪೀಠ ಕೊಡುತ್ತೀರಾ?

ರ‍್ಯಾಪಿಡ್ ಎಷ್ಟು ನಂಬಿಕಸ್ಥ ತಕ್ಕಡಿ ಎಂಬುದಕ್ಕೆ ಹಂಪಿಯವರೇ ಸಾಕ್ಷಿ. 2025ರ ಜುಲೈನಲ್ಲಿ ಬಟುಮಿಯ ಮಹಿಳಾ ವಿಶ್ವಕಪ್ ಫೈನಲ್. ಹಂಪಿ ಮತ್ತು ಹತ್ತೊಂಬತ್ತರ ದಿವ್ಯಾ ದೇಶ್‌ಮುಖ್ ನಡುವೆ ಎರಡು ಕ್ಲಾಸಿಕಲ್ ಆಟ ಡ್ರಾ ಆದವು, ರ‍್ಯಾಪಿಡ್‌ಗೆ ಹೋಯಿತು. ಹಂಪಿ ಆಗ ಹಾಲಿ ಮಹಿಳಾ ವಿಶ್ವ ರ‍್ಯಾಪಿಡ್ ಚಾಂಪಿಯನ್. ಎರಡನೇ ರ‍್ಯಾಪಿಡ್ ಆಟದಲ್ಲಿ ಗಡಿಯಾರದ ಒತ್ತಡಕ್ಕೆ ಸಿಕ್ಕಿ ಸೋತರು, ದಿವ್ಯಾ ವಿಶ್ವಕಪ್ಪಿನ ಜೊತೆಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟವನ್ನೂ ಎತ್ತಿಕೊಂಡರು. ದಿವ್ಯಾ ಗೆದ್ದದ್ದರಲ್ಲಿ ನನಗೆ ತಕರಾರಿಲ್ಲ. ನೂರಾರು ಮಂದಿ ಸೇರುವ ನಾಕೌಟ್ ಟೂರ್ನಿಯಲ್ಲಿ ಮರುದಿನ ಯಾರೋ ಒಬ್ಬರು ಮುಂದೆ ಹೋಗಲೇಬೇಕು, ಅಲ್ಲಿ ಇಂಥದ್ದೊಂದು ಕತ್ತರಿ ಬೇಕಾಗುತ್ತದೆ. ವಿಶ್ವ ಪಟ್ಟದ ಹಣಾಹಣಿಯಲ್ಲಿ ಮರುದಿನ ಯಾರು ಎಲ್ಲಿಗೆ ಹೋಗಬೇಕಿದೆ? ಸರದಿಯಲ್ಲಿ ನಿಂತಿರುವ ಮುಂದಿನ ಜೋಡಿ ಯಾವುದು? ಎದುರಾಳಿಯನ್ನು ಆರಿಸಲು ಎರಡು ವರ್ಷ ತೆಗೆದುಕೊಳ್ಳುವ ಸಂಸ್ಥೆಗೆ ಚಾಂಪಿಯನ್ನನನ್ನು ಆರಿಸುವಾಗ ಮಾತ್ರ ಬಸ್ಸು ತಪ್ಪಿಹೋಗುವ ಅವಸರ.

ಇನ್ನು ಆ ಫುಟ್‌ಬಾಲ್–ಕ್ರಿಕೆಟ್ ಹೋಲಿಕೆ. ಪೆನಾಲ್ಟಿ ಇಲ್ಲವೇ, ಸೂಪರ್ ಓವರ್ ಇಲ್ಲವೇ ಎಂದು ಕೇಳುವವರು ಕ್ರಿಕೆಟ್ ನೋಡಿದ್ದು ಯಾವ ಊರಿನಲ್ಲೋ. ಸೂಪರ್ ಓವರ್ ಇರುವುದು ಒಂದು ದಿನದ ಆಟಕ್ಕೆ, ಟಿ20ಗೆ. ಐದು ಟೆಸ್ಟ್‌ಗಳ ಸರಣಿ 2–2 ಆದರೆ ಎರಡೂ ತಂಡಗಳನ್ನು ಮರುದಿನ ಕರೆಸಿ ಆರಾರು ಎಸೆತ ಹಾಕಿಸುತ್ತಾರೆಯೇ? 2023ರ ಆ್ಯಷಸ್ 2–2 ಆಯಿತು, ಹಿಂದಿನ ಸಲ ಗೆದ್ದಿದ್ದ ಆಸ್ಟ್ರೇಲಿಯಾ ಪಟ್ಟ ಉಳಿಸಿಕೊಂಡಿತು. ಇಂಗ್ಲೆಂಡ್ ಆಕಾಶ ಭೂಮಿ ಒಂದು ಮಾಡಲಿಲ್ಲ, ಮುಂದಿನ ಸಲ ನೋಡಿಕೊಳ್ಳೋಣ ಎಂದಿತು. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ಲೇ ಡ್ರಾ ಆದರೆ ಇಬ್ಬರನ್ನೂ ಜಂಟಿ ವಿಜೇತರೆನ್ನುವ ನಿಯಮವಿದೆ. ಟೆಸ್ಟ್ ಕ್ರಿಕೆಟ್ ತನ್ನ ಡ್ರಾಗಳ ಜೊತೆ ಬದುಕಲು ಕಲಿತಿದೆ, ಅದರಿಂದ ಅದರ ಮಾನ ಹೋಗಿಲ್ಲ. ಇನ್ನು ಒಂದು ದಿನದ ಆಟದಲ್ಲೇ 2019ರ ವಿಶ್ವಕಪ್ ಫೈನಲ್‌ನಲ್ಲಿ ಏನಾಯಿತು? ಸೂಪರ್ ಓವರ್ ಕೂಡ ಟೈ, ಕೊನೆಗೆ ಬೌಂಡರಿ ಎಣಿಸಿ, 26ಕ್ಕೆ 17, ಇಂಗ್ಲೆಂಡ್ ಕೈಗೆ ಕಪ್ ಇಟ್ಟರು. ಜಗತ್ತು ಛೀಮಾರಿ ಹಾಕಿತು, ಮೂರು ತಿಂಗಳಲ್ಲಿ ಐಸಿಸಿ ಆ ನಿಯಮವನ್ನು ಕಿತ್ತುಹಾಕಿತು. ಕ್ರಿಕೆಟ್ ಆಡಳಿತಗಾರರಿಗೆ ಇದ್ದಷ್ಟು ನಾಚಿಕೆ ಚೆಸ್ ಆಡಳಿತಗಾರರಿಗೆ ಬರಲು ಎಷ್ಟು ದಶಕ ಬೇಕು?

ಹೋಲಿಕೆ ಬೇಕೇ ಬೇಕೆನ್ನುವವರಿಗೆ ಚೆಸ್ ಇತಿಹಾಸದೊಳಗಿಂದಲೇ ಒಂದು ಕೊಡುತ್ತೇನೆ. 1983, ಆಸ್ಟ್ರಿಯಾದ ವೆಲ್ಡನ್ ಊರು. ಚಾಂಪಿಯನ್‌ಗೆ ಎದುರಾಳಿ ಯಾರೆಂದು ನಿರ್ಧರಿಸುವ ಕ್ಯಾಂಡಿಡೇಟ್ಸ್ ಹಂತದಲ್ಲಿ ವಾಸಿಲಿ ಸ್ಮಿಸ್ಲೊವ್ ಮತ್ತು ರಾಬರ್ಟ್ ಹ್ಯೂಬ್ನರ್ ಹದಿನಾಲ್ಕು ಆಟಗಳ ನಂತರವೂ 7–7. ಏನು ಮಾಡಿದರು ಗೊತ್ತೇ? ಕ್ಯಾಸಿನೊಗೆ ಹೋಗಿ ರೂಲೆಟ್ ಚಕ್ರ ತಿರುಗಿಸಿದರು. ಗುಂಡು ಸ್ಮಿಸ್ಲೊವ್ ಬಣ್ಣದ ಮೇಲೆ ಕೂತಿತು, ಅವರು ಮುಂದಿನ ಸುತ್ತಿಗೆ ಹೋದರು. ಇದನ್ನು ಕೇಳಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ನಗುವವರು 2018ರ ಲಂಡನ್ ನಿಯಮಾವಳಿಯನ್ನು ಕೊನೆಯವರೆಗೆ ಓದಿಲ್ಲ. ನಾಲ್ಕು ರ‍್ಯಾಪಿಡ್ ಸಮನಾದರೆ ಇನ್ನೂ ವೇಗದ ಎರಡು ಬ್ಲಿಟ್ಜ್ ಆಟ. ಅದೂ ಸಮನಾದರೆ ಮತ್ತೆರಡು. ಹೀಗೆ ಐದು ಜೋಡಿ. ಆಮೇಲೂ ಸಮನಾದರೆ ಆರ್ಮಗೆಡನ್. ಬಿಳಿಗೆ ಐದು ನಿಮಿಷ, ಕಪ್ಪಿಗೆ ನಾಲ್ಕು ನಿಮಿಷ, ಡ್ರಾ ಆದರೆ ಕಪ್ಪು ವಿಶ್ವ ಚಾಂಪಿಯನ್. ಇದಕ್ಕೂ ರೂಲೆಟ್ಟಿಗೂ ಇರುವ ದೂರ ಎಷ್ಟು? ಡ್ರಾ ಆದರೆ ಹಾಲಿ ಚಾಂಪಿಯನ್ನನಿಗೆ ಪಟ್ಟ ಬಿಡುವುದು ಅನ್ಯಾಯವಂತೆ, ಡ್ರಾ ಆದರೆ ಕಪ್ಪು ಕಾಯಿ ಸಿಕ್ಕವನಿಗೆ ಪಟ್ಟ ಬಿಡುವುದು ನ್ಯಾಯವಂತೆ!

ಈ ಕಪಟಕ್ಕೆ ಕಿರೀಟ ಇಟ್ಟದ್ದು 2024ರ ಡಿಸೆಂಬರ್ 31, ನ್ಯೂಯಾರ್ಕ್. ವಿಶ್ವ ಬ್ಲಿಟ್ಜ್ ಫೈನಲ್‌ನಲ್ಲಿ ಕಾರ್ಲ್‌ಸನ್ ಮತ್ತು ನೆಪೊಮ್‌ನಿಯಾಚಿ 2–2, ಮತ್ತೆ ಮೂರು ಆಟ ಡ್ರಾ. ಸಾಕಪ್ಪ, ಹಂಚಿಕೊಳ್ಳೋಣ ಎಂದರು ಕಾರ್ಲ್‌ಸನ್. ವಿಶ್ವ ಚೆಸ್ ಸಂಸ್ಥೆ ಫಿಡೆ ಹೂಂ ಎಂದಿತು, ಇಬ್ಬರೂ ಚಾಂಪಿಯನ್ನರಾದರು. ಮೂರು ನಿಮಿಷದ ಆಟದಲ್ಲಿ ಒಬ್ಬ ವಿಜೇತ ಸಿಗದಿದ್ದರೆ ಪರವಾಗಿಲ್ಲ, ಹೊಸ ವರ್ಷದ ರಾತ್ರಿ, ಎಲ್ಲರಿಗೂ ಪಾರ್ಟಿ ಇದೆ. ಮೂರು ವಾರದ ಆಟದಲ್ಲಿ ಸಿಗದಿದ್ದರೆ ಮಾತ್ರ ಪ್ರಳಯ! ಸಮಬಲವನ್ನು ಸಮಬಲ ಎಂದು ಒಪ್ಪಿಕೊಳ್ಳುವ ಔದಾರ್ಯ ಬ್ಲಿಟ್ಜ್‌ಗೆ ಇದೆ, ಕ್ಲಾಸಿಕಲ್‌ಗೆ ಇಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ಸುಮ್ಮನೆ ಹೇಳಿಲ್ಲ.

ಜನಕ್ಕೆ ವೇಗ ಬೇಕು, ನಿಧಾನದ ಆಟ ಯಾರು ನೋಡುತ್ತಾರೆ ಎಂಬುದು ಇನ್ನೊಂದು ಮಂತ್ರ. 1987ರ ಸೆವಿಲ್ಲೆಗೆ ಬನ್ನಿ. ಕ್ಯಾಸ್ಪರೊವ್ ಮತ್ತು ಕಾರ್ಪೊವ್, ಇಪ್ಪತ್ತನಾಲ್ಕು ಆಟ. 12–12 ಆದರೆ ಚಾಂಪಿಯನ್ ಕ್ಯಾಸ್ಪರೊವ್‌ಗೇ ಪಟ್ಟ. ಇಪ್ಪತ್ಮೂರನೇ ಆಟದಲ್ಲಿ ಲೆಕ್ಕ ತಪ್ಪಿ ಸೋತು ಅವರು 11–12ಕ್ಕೆ ಕುಸಿದರು. ಉಳಿದದ್ದು ಒಂದೇ ಆಟ, ಗೆಲ್ಲಲೇಬೇಕು. ಕತ್ತಿ ಬೀಸಿಕೊಂಡು ಮೇಲೆ ಬೀಳಲಿಲ್ಲ ಆ ಮನುಷ್ಯ. ಮೆಲ್ಲಗೆ, ಗಾಳಿ ಮಳೆಗೆ ಬಂಡೆ ಸವೆಯುವ ಹಾಗೆ, ಕಾರ್ಪೊವ್‌ರ ಗಡಿಯಾರವನ್ನೂ ಸ್ಥಾನವನ್ನೂ ಒಟ್ಟಿಗೆ ಹಿಂಡಿದರು. ಒಂದು ಕಾಲಾಳು ಹೆಚ್ಚಾಗಿರುವಾಗ ಆಟ ಮರುದಿನಕ್ಕೆ ಹೋಯಿತು. ಆ ರಾತ್ರಿ ಎರಡೂ ಪಾಳಯ ನಿದ್ದೆಗೆಟ್ಟು ಅದೊಂದು ಸ್ಥಿತಿಯನ್ನೇ ಅಗೆದವು. ಮರುದಿನ 64ನೇ ನಡೆಗೆ ಕಾರ್ಪೊವ್ ಕೈ ಚೆಲ್ಲಿದರು. ಸ್ಪೇನ್‌ನ ಟಿವಿ ಅದನ್ನು ನೇರ ಪ್ರಸಾರ ಮಾಡಿತು, ದೇಶವೇ ಕೂತು ನೋಡಿತು. ಎರಡು ದಿನ ನಡೆದ ಒಂದು ಆಟವನ್ನು! 2004ರಲ್ಲಿ ಬ್ರಿಸ್ಸಾಗೊದಲ್ಲಿ ಕ್ರಾಮ್ನಿಕ್ ಇಂಥದೇ ಕೊನೆಯ ಆಟ ಗೆದ್ದು ಪೀಟರ್ ಲೆಕೊ ಎದುರು 7–7 ಮಾಡಿ ಪಟ್ಟ ಉಳಿಸಿಕೊಂಡರು. ಇವತ್ತಿನ ನಿಯಮದಲ್ಲಿ ಈ ಎರಡು ಮಹಾನ್ ಗೆಲುವುಗಳ ಬೆಲೆ ಏನು? ಮರುದಿನ ಮಧ್ಯಾಹ್ನದ ರ‍್ಯಾಪಿಡ್‌ಗೆ ಒಂದು ಪ್ರವೇಶಪತ್ರ, ಅಷ್ಟೇ.

ಎದುರಾಳಿಗೆ ಅನ್ಯಾಯವಲ್ಲವೇ ಎಂದು ಕೊರಗುವವರಿಗೆ ಬ್ರಾನ್‌ಸ್ಟೀನ್ ನೆನಪಾಗುತ್ತಾರೆ. 1951ರಲ್ಲಿ ಬೊಟ್ವಿನ್ನಿಕ್ ವಿರುದ್ಧ ಎರಡು ಆಟ ಬಾಕಿ ಇರುವಾಗ ಮುಂದಿದ್ದು, 23ನೇ ಆಟ ಸೋತು, 12–12ಕ್ಕೆ ನಿಂತು, ಪಟ್ಟವಿಲ್ಲದೆ ಮರಳಿದವರು. ಪಾಪ, ನಿಜ. ಆದರೆ ಅವರು ಸೋತದ್ದು ಆ 23ನೇ ಆಟದಲ್ಲಿ, ಚೆಸ್ ಹಲಗೆಯ ಮೇಲೆ, ಪೂರ್ತಿ ಗಡಿಯಾರದೊಂದಿಗೆ. ಚಾಂಪಿಯನ್ ಆಗಬೇಕಾದರೆ ಚಾಂಪಿಯನ್ನನನ್ನು ಸೋಲಿಸು: ಇಷ್ಟು ಸರಳವಾದ, ಮಗುವಿಗೂ ತಿಳಿಯುವ ನಿಯಮವನ್ನು ಅನ್ಯಾಯ ಎನ್ನುವವರು ಅದರ ಬದಲಿಗೆ ತಂದಿರುವ ಹಲವು ಮೆಟ್ಟಿಲಿನ ರ‍್ಯಾಪಿಡ್–ಬ್ಲಿಟ್ಜ್ ಪುರಾಣವನ್ನು ಒಂದೇ ಉಸಿರಿನಲ್ಲಿ ಹೇಳಲಿ ನೋಡೋಣ.

ನಾವು ಭಾರತೀಯರು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ಕಾರಣ ನನಗೆ ಗೊತ್ತು, ಅದು ಮರ್ಯಾದೆಯದ್ದಲ್ಲ. 1998ರ ಜನವರಿಯಲ್ಲಿ ಲೋಸಾನ್‌ನಲ್ಲಿ ಫಿಡೆ ಪಟ್ಟಕ್ಕಾಗಿ ಆನಂದ್ ಕಾರ್ಪೊವ್ ಎದುರು ಕೂತಾಗ, ಕಾರ್ಪೊವ್‌ಗೆ ನೇರ ಫೈನಲ್ ಪ್ರವೇಶ. ಆನಂದ್ ಮಾತ್ರ ಡಿಸೆಂಬರ್ ಕೊನೆಯವರೆಗೆ ಗ್ರೊನಿಂಗನ್‌ನಲ್ಲಿ ನಾಕೌಟ್ ಆಡಿ, ಬೆವರು ಆರುವ ಮೊದಲೇ ಬಂದವರು. ಆ ದಣಿವಿನಲ್ಲೂ ಆರು ಆಟ 3–3 ಮಾಡಿದರು. ಟೈಬ್ರೇಕ್‌ನಲ್ಲಿ 0–2. ಆಗ ನಮಗೆ ಅದು ಮೋಸವಾಗಿ ಕಂಡಿತು. 2012ರಲ್ಲಿ ಮಾಸ್ಕೋದ ಟ್ರೆಟ್ಯಾಕೊವ್ ಗ್ಯಾಲರಿಯಲ್ಲಿ ಬೋರಿಸ್ ಗೆಲ್ಫಾಂಡ್ ಆನಂದ್ ಎದುರು ಹನ್ನೆರಡು ಆಟ 6–6 ಮಾಡಿದರು. ಗೆಲ್ಫಾಂಡ್ ನಿಧಾನವಾಗಿ, ಆಳವಾಗಿ ಯೋಚಿಸುವ ಆಟಗಾರ. ರ‍್ಯಾಪಿಡ್‌ನಲ್ಲಿ ಆ ಗುಣವೇ ಅವರಿಗೆ ಶಾಪವಾಯಿತು, ಮೂರನೇ ಆಟದಲ್ಲಿ ಗೆಲ್ಲುವ ಸ್ಥಿತಿ ತಲುಪಿಯೂ ಕೈಬಿಟ್ಟರು. ಆನಂದ್ ಎರಡೂವರೆ–ಒಂದೂವರೆಯಿಂದ ಪಟ್ಟ ಉಳಿಸಿಕೊಂಡರು. ಆಗ ನಮಗೆ ಅದೇ ನಿಯಮ ಪ್ರತಿಭೆಯ ಅಗ್ನಿಪರೀಕ್ಷೆಯಾಗಿ ಕಂಡಿತು. ನಮ್ಮವನು ಸೋತರೆ ಮೋಸ, ಗೆದ್ದರೆ ಮಹಿಮೆ. ಈಗ ನಮ್ಮಲ್ಲಿ ವಿಶ್ವ ಮಟ್ಟದ ಹುಡುಗ ಹುಡುಗಿಯರ ಒಂದು ಪಡೆಯೇ ಇದೆ. ಬೆಂಗಳೂರು, ಮೈಸೂರು, ಮಂಗಳೂರಿನ ತರಗತಿಗಳಲ್ಲಿ ಚೆಸ್ ಕಲಿಯುವ ಮಕ್ಕಳು ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳನ್ನು ರಾತ್ರಿ ಹಗಲೆನ್ನದೆ ಆಡುತ್ತಾರೆ. ಅಪ್ಪ ಅಮ್ಮ ಎಷ್ಟು ಫಾಸ್ಟು ನೋಡಿ ಎಂದು ಹೆಮ್ಮೆಪಡುತ್ತಾರೆ. ಒಂದು ಸ್ಥಿತಿಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರು ಎಂದು ಹೇಳುವ ಗುರುವಿಗೆ ಮಗು ಕೇಳುತ್ತದೆ: ಕೊನೆಗೆ ಎಲ್ಲ ರ‍್ಯಾಪಿಡ್‌ನಲ್ಲೇ ತಾನೆ ಸಾರ್? ಗುರು ಏನು ಹೇಳಬೇಕು?

ದಿನ ಮೊದಲೇ ಗೊತ್ತಿರಬೇಕು, ಸಭಾಂಗಣ ಕಾದಿರಿಸಬೇಕು, ಪ್ರಾಯೋಜಕರು ಒಪ್ಪಬೇಕು ಎಂಬುದು ವ್ಯವಸ್ಥಾಪಕರ ನೆವ. ಕಳ್ಳನಿಗೊಂದು ಪಿಳ್ಳೆ ನೆವ. ಸಿಂಗಪುರದಲ್ಲಿ ಬಹುಮಾನದ ಮೊತ್ತವೇ 25 ಲಕ್ಷ ಡಾಲರ್. ಅಷ್ಟು ದುಡ್ಡು ಹೊಂದಿಸುವವರಿಗೆ ಇನ್ನೊಂದು ವಾರದ ಬಾಡಿಗೆ ಹೊಂದದೇ? ಅಂತ್ಯವೇ ಇಲ್ಲದ ಹಣಾಹಣಿ ಬೇಡ ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. 1984ರಲ್ಲಿ ಆರು ಗೆಲುವು ಬರುವವರೆಗೆ ಎಂದು ಶುರುವಾದ ಕಾರ್ಪೊವ್–ಕ್ಯಾಸ್ಪರೊವ್ ಹಣಾಹಣಿ ಐದು ತಿಂಗಳು ನಡೆದು, 48 ಆಟ ಮುಗಿಸಿ, 1985ರ ಫೆಬ್ರವರಿಯಲ್ಲಿ ತೀರ್ಮಾನವಿಲ್ಲದೆ ನಿಂತದ್ದು ಯಾರಿಗೂ ಮರೆತಿಲ್ಲ. ಅದನ್ನು ತೋರಿಸಿ ಹೆದರಿಸುವುದನ್ನು ಮಾತ್ರ ಇನ್ನು ನಿಲ್ಲಿಸಿ. ಐದು ತಿಂಗಳಿಗೂ ಒಂದು ಮಧ್ಯಾಹ್ನಕ್ಕೂ ನಡುವೆ ಎಷ್ಟೋ ದಿನಗಳಿವೆ.

ಬೇಕಾದ್ದು ಇಷ್ಟೇ. ಹದಿನಾಲ್ಕು ಆಟ ಸಮನಾದರೆ ಇನ್ನೆರಡು ಕ್ಲಾಸಿಕಲ್ ಆಟ, ಇಬ್ಬರಿಗೂ ಒಂದೊಂದು ಸಲ ಬಿಳಿ ಕಾಯಿ. ಅದೂ ಸಮನಾದರೆ ಮತ್ತೆರಡು. ಹದಿನೆಂಟಕ್ಕೂ ಬಗೆಹರಿಯದಿದ್ದರೆ ಪಟ್ಟ ಹಾಲಿ ಚಾಂಪಿಯನ್ನನಲ್ಲೇ ಉಳಿಯಲಿ. ಇಲ್ಲ, ರ‍್ಯಾಪಿಡ್ ಇಲ್ಲದೆ ನಮಗೆ ಉಸಿರಾಡಲಾಗದು ಎನ್ನುವಿರಾದರೆ ಅದನ್ನು ಮೊದಲ ಕ್ಲಾಸಿಕಲ್ ಆಟಕ್ಕೂ ಮುಂಚಿನ ದಿನಕ್ಕೆ ತನ್ನಿ. ಅದರಲ್ಲಿ ಸೋತವನಿಗೆ ಮೊದಲ ದಿನದಿಂದಲೇ ಗೊತ್ತಿರುತ್ತದೆ, ಮೂರು ವಾರದಲ್ಲಿ ತಾನು ಒಂದಾದರೂ ಆಟ ಹೆಚ್ಚು ಗೆಲ್ಲಬೇಕೆಂದು. ಮೂವತ್ತು ನಡೆಯ ಡ್ರಾಗಳು ಮರುದಿನದಿಂದಲೇ ನಿಲ್ಲುತ್ತವೆ. ಈ ಎರಡರಲ್ಲಿ ಯಾವುದನ್ನಾದರೂ ಆರಿಸಿ, ಇವತ್ತಿನದನ್ನು ಮಾತ್ರ ತೊಲಗಿಸಿ.

ಇದನ್ನು ಫಿಡೆಯೊಳಗೆ ಹೇಳಬಲ್ಲವರು ನಮ್ಮವರೇ ಇದ್ದಾರೆ. ವಿಶ್ವನಾಥನ್ ಆನಂದ್ 2022ರಲ್ಲಿ ಚೆನ್ನೈನಲ್ಲಿ ಫಿಡೆಯ ಉಪಾಧ್ಯಕ್ಷರಾಗಿ ಆಯ್ಕೆಯಾದವರು. ರ‍್ಯಾಪಿಡ್‌ನಲ್ಲಿ ಅವರ ಕಾಲದವರಲ್ಲಿ ಅವರಿಗೆ ಸರಿಸಾಟಿ ಕೆಲವರೇ, ಹಾಗಾಗಿ ಕೈಲಾಗದ್ದಕ್ಕೆ ಹೇಳುತ್ತಿದ್ದಾರೆ ಎಂದು ಯಾರೂ ಬೊಟ್ಟು ಮಾಡುವಂತಿಲ್ಲ. ಟೈಬ್ರೇಕ್‌ನಲ್ಲಿ ಪಟ್ಟ ಕೈತಪ್ಪಿದ ಅನುಭವವೂ ಗೆದ್ದ ಅನುಭವವೂ ಎರಡೂ ಇರುವ ಆಡಳಿತಗಾರ ಅವರು. ಆನಂದ್ ಅವರೇ, ಮುಂದಿನ ಹಣಾಹಣಿಯ ನಿಯಮಾವಳಿ ನಿಮ್ಮ ಮೇಜಿಗೆ ಬಂದಾಗ ಕೊನೆಯ ಪುಟದ ಆ ರ‍್ಯಾಪಿಡ್ ದಿನವನ್ನು ಹೊಡೆದುಹಾಕಿ. ಅಖಿಲ ಭಾರತ ಚೆಸ್ ಫೆಡರೇಷನ್ನಿನ ಬೆಂಬಲ ನಿಮ್ಮ ಹಿಂದೆ ಇರಲೇಬೇಕು. ಇಲ್ಲದಿದ್ದರೆ ಆ ಫೆಡರೇಷನ್ನಿಗೆ ಕಾಗದ ಬರೆಯುವ ಕೆಲಸ ಚೆಸ್ ಆಡುವ ಮಕ್ಕಳಿರುವ ಪ್ರತಿ ಮನೆಯದು.